ಮಾಹೇರ ಖೋಲಿಯ ಮೊದಲ ವರ್ಷ

ಆಸ್ಪತ್ರೆ ಎಂದರೆ ಫಿನಾಯಿಲ್ ವಾಸನೆ ಎನ್ನುವವರು ಬೀದರ ಪಕ್ಕದ ನೌಬಾದದ ನಮ್ಮ ಹೆರಿಗೆ ವಾರ್ಡಿಗೆ ಕಾಲಿಟ್ಟಿಲ್ಲ ಎಂದೇ ಅರ್ಥ. ಅಲ್ಲಿ ಮೆಟ್ಟಿಲು ಹತ್ತುವಾಗಲೇ ತುಪ್ಪದಲ್ಲಿ ಅಂಟು ಹುರಿದ ವಾಸನೆ ಎದುರಾಗುತ್ತದೆ. ಅದರ ಹಿಂದೆ ಒಣಕೊಬ್ಬರಿ, ಅಳವಿ, ಅಜವಾನ. ಹೋದ ವಾರ ನಾನೂ ಒಂದು ಸ್ಟೀಲ್ ಡಬ್ಬಿ ಹಿಡಿದು ಆ ಮೆಟ್ಟಿಲು ಹತ್ತುತ್ತಿದ್ದೆ. ನಿವೃತ್ತಳಾದ ಮೇಲೆ ಅತ್ತ ಹೋಗಿರಲಿಲ್ಲ, ಹೋಗುವುದೂ ಬೇಡ ಎಂದುಕೊಂಡಿದ್ದೆ. ನಿವೃತ್ತರು ಹಳೆಯ ಜಾಗಕ್ಕೆ ಹೋಗಿ ಕುರ್ಚಿ ಎಳೆದುಕೊಂಡು "ನಮ್ಮ ಕಾಲದಾಗ" ಎಂದು ಶುರು ಮಾಡುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಆದರೆ ಸವಿತಾ ಹೆರಿಗೆಗೆ ಬಂದಿದ್ದಳು. ಔರಾದಿನ ಹುಡುಗಿ, ನಮ್ಮ ಕಾಲೇಜಿನ ಮೊದಲ ತಂಡದ ವಿದ್ಯಾರ್ಥಿನಿ, ಈಗ ಅವಳೂ ಡಾಕ್ಟರು, ಕೊಟ್ಟ ಮನೆ ಹೈದರಾಬಾದು. ಹೋಗದೆ ಇರಲು ಹೇಗಾಗುತ್ತದೆ? ಡಬ್ಬಿಯಲ್ಲಿ ಇದ್ದದ್ದು ಬಾಣಂತಿಗೆ ಕೊಡುವ ಅಂಟಿನ ಉಂಡಿ, ಕಟ್ಟಿದವಳು ಭಾಲ್ಕಿಯ ನನ್ನ ಅವ್ವ.

ಮೆಟ್ಟಿಲ ತಿರುವಿನಲ್ಲಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಿಂತುಬಿಟ್ಟೆ. ಮಂಡಿನೋವು ಎಂದುಕೊಂಡಿರಬೇಕು, ಇಳಿದು ಬರುತ್ತಿದ್ದವನೊಬ್ಬ "ಲಿಫ್ಟ್ ಅದ ರೀ ಅಜ್ಜಿ" ಎಂದ. ಬೇರೆ ದಿನವಾಗಿದ್ದರೆ ಅಜ್ಜಿ ಎಂದದ್ದಕ್ಕೆ ಅವನಿಗೆ ಬಿಸಿ ಮುಟ್ಟಿಸುತ್ತಿದ್ದೆ. ಆದರೆ ಆಗ ನನ್ನ ಮನಸ್ಸು ಅಲ್ಲಿರಲಿಲ್ಲ. ಈ ವಾರ್ಡಿನಲ್ಲಿ ಯಾವ ವಾಸನೆಯೂ ಇಲ್ಲದ ಒಂದು ಮಳೆಗಾಲ ನೆನಪಾಗಿತ್ತು.

ಆ ವರ್ಷ ಮಳೆ ತುಂಬ ಬಂತು, ರೋಗಿಗಳು ಬರಲಿಲ್ಲ. ನಮ್ಮ ಕಡೆಯ ವಿಶ್ವವಿದ್ಯಾಲಯವೊಂದು ಬೀದರಿನಲ್ಲಿ ಹೊಸ ಮೆಡಿಕಲ್ ಕಾಲೇಜು ತೆರೆದಿತ್ತು. ಬೀದರ, ಭಾಲ್ಕಿ, ಔರಾದ ಕಡೆಯ ಮಕ್ಕಳು ಇಲ್ಲೇ ಓದಬೇಕು, ಇಲ್ಲಿನ ಜನರನ್ನೇ ನೋಡಬೇಕು ಎಂಬುದು ಉದ್ದೇಶ. ನೌಬಾದದ ಆಚೆ ಕೆಂಪು ಮಣ್ಣಿನ ಬಯಲಿನಲ್ಲಿ ಕಟ್ಟಡ ಎದ್ದಿತ್ತು. ಒಂದು ಪಕ್ಕದ ಗೋಡೆಗೆ ಇನ್ನೂ ಬಣ್ಣ ಬಿದ್ದಿರಲಿಲ್ಲ, ಮಳೆಗೆ ಅಂಗಳವೆಲ್ಲ ಕೆಂಪು ರಾಡಿ. ನಾನು ಹೈದರಾಬಾದಿನಲ್ಲಿ ಅರ್ಧ ಆಯುಷ್ಯ ಹೆರಿಗೆ ಮಾಡಿಸುತ್ತ ಕಳೆದವಳು, ಹೆರಿಗೆ ವಿಭಾಗದ ಮುಖ್ಯಸ್ಥೆಯಾಗಿ ಬಂದೆ. ಅಲ್ಲಿನ ಗೆಳತಿಯರು ನನಗೆ ತಲೆ ಕೆಟ್ಟಿದೆ ಎಂದರು. ಅವರಿಗೇನು ಗೊತ್ತು? ಹೈದರಾಬಾದಿನ ನನ್ನ ಟೇಬಲ್ ಮೇಲೆ ಬಂದು ಮಲಗುತ್ತಿದ್ದವರಲ್ಲಿ ಎಷ್ಟೋ ಮಂದಿ ನಮ್ಮ ಕಡೆಯವರೇ. ಗಂಟೆಗಟ್ಟಲೆ ಜೀಪಿನಲ್ಲಿ ಕುಲುಕಿಸಿಕೊಂಡು, ಬಣ್ಣಗೆಟ್ಟ ಮುಖ ಹೊತ್ತು ಬರುತ್ತಿದ್ದರು. ಯಾವೂರವ್ವ ಎಂದು ಕೇಳಿದರೆ "ಔರಾದ ಬಾಜೂಕ ರೀ" ಎನ್ನುತ್ತಿದ್ದರು. ಬೀದರಿನಲ್ಲಿ ದವಾಖಾನೆಗಳು ಇರಲಿಲ್ಲ ಎಂದಲ್ಲ. ಕಷ್ಟ ಬಂದರೆ ಊರು ಬಿಡಬೇಕು ಎಂಬುದು ಜನರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ಅದನ್ನು ಬಿಡಿಸುತ್ತೇನೆ ಎಂದು ನಾನು ಬಂದಿದ್ದೆ, ಬಿಡಿಸಿಯೇ ತೀರುತ್ತೇನೆ ಎಂಬ ಧಿಮಾಕೂ ಇತ್ತು.

ಹೊಸ ಕಾಲೇಜಿಗೆ ಒಂದು ಪರೀಕ್ಷೆ ಇರುತ್ತದೆ. ಹೊರಗಿನಿಂದ ತಂಡವೊಂದು ಹೇಳದೆ ಕೇಳದೆ ಬಂದು ನೋಡುತ್ತದೆ. ಪಾಠ ಮಾಡುವವರು ಇದ್ದರೆ ಸಾಲದು, ವಾರ್ಡಿನಲ್ಲಿ ರೋಗಿಗಳು ಇರಬೇಕು. ಹೆರಿಗೆಯೇ ಆಗದ ಹೆರಿಗೆ ವಾರ್ಡಿನಲ್ಲಿ ವಿದ್ಯಾರ್ಥಿ ಏನು ಕಲಿಯುತ್ತಾನೆ? ಹಾಸಿಗೆ ಖಾಲಿ ಕಂಡರೆ ಮುಂದಿನ ವರ್ಷ ಹೊಸ ಮಕ್ಕಳನ್ನು ಸೇರಿಸಿಕೊಳ್ಳಲು ಅನುಮತಿ ಇಲ್ಲ. ಒಂದೇ ವರ್ಷದ ಮಕ್ಕಳಿಗೆ ಕಾಲೇಜು ನಿಂತುಹೋದರೆ ಅದು ಮತ್ತೆ ಏಳುವುದು ಕಷ್ಟ. ಬೇರೆ ವಿಭಾಗಗಳಿಗೆ ಮಳೆಗಾಲದ ಜ್ವರ, ಹಾವು ಕಡಿತ, ಬೈಕಿನಿಂದ ಬಿದ್ದವರು ಎಂದು ಒಂದಷ್ಟು ಜನ ಬರತೊಡಗಿದ್ದರು. ನನ್ನ ವಾರ್ಡು ಮಾತ್ರ ಮದುವೆ ಮುಗಿದ ಛತ್ರದ ಹಾಗೆ ಬಿಕೋ ಎನ್ನುತ್ತಿತ್ತು.

ವಾರ್ಡಿನ ಯಜಮಾನಿಕೆ ರಜಿಯಾ ಸಿಸ್ಟರದ್ದು. ಬೀದರಿನ ಹಳೆಯ ಊರಿನವರು, ಕನ್ನಡವನ್ನೂ ದಖ್ಖನಿಯನ್ನೂ ಒಂದೇ ಉಸಿರಿನಲ್ಲಿ ಮಾತಾಡುವವರು, ಬಾಯಿ ಬಹಳ ಜೋರು. ಆಷಾಢದಲ್ಲಿ ಒಂದು ಬೆಳಿಗ್ಗೆ ಸೊಂಟಕ್ಕೆ ಕೈಯಿಟ್ಟು ನನ್ನ ಮುಂದೆ ನಿಂತರು. "ಮೇಡಂ, ಖಾಲಿ ಪಲಂಗಕ್ಕ ಎಷ್ಟ ಸಲ ಚಾದರ ಬದಲಸೂದ್ರಿ? ನೀವಾದ್ರೂ ಒಮ್ಮಿ ಮಲ್ಕೋರಿ, ಚಾದರ ಮಾಸಲಿ."

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ಜೀಪು ತೆಗೆಸಿದೆ. ಜನವಾಡ, ಖಟಕ ಚಿಂಚೋಳಿ, ಔರಾದ ಸುತ್ತಿನ ಹಳ್ಳಿಗಳು. ಸೋಯಾ ಮೊಳಕಾಲೆತ್ತರ ಬಂದ ಕಾಲ, ಕರಿಮಣ್ಣಿನ ದಾರಿಯಲ್ಲಿ ಜೀಪು ಹೂತು ಇಳಿದು ತಳ್ಳಿದ್ದೂ ಉಂಟು. ಮನೆ ಮನೆಗೆ ಹೋಗಿ, ಬಸುರಿ ಸೊಸೆಯಂದಿರನ್ನು ಕೂರಿಸಿಕೊಂಡು, ಹೊಟ್ಟೆ ಮುಟ್ಟಿ ನೋಡಿ, ಅತ್ತೆಯರಿಗೆ ತಿಳಿಹೇಳಿ, ಹೆರಿಗೆಗೆ ನಮ್ಮಲ್ಲಿಗೇ ಬನ್ನಿ ಎಂದು ಹೇಳಿ ಬಂದೆವು. ಎಂಥ ಮರ್ಯಾದೆ ಅಂತೀರಿ. ಹೋದಲ್ಲೆಲ್ಲ ಚಹಾ, ಕೂಡಲು ಹೊಸ ಜಮಖಾನ. ಜನವಾಡದ ಒಬ್ಬ ಅತ್ತೆಯಂತೂ ನನ್ನ ಕೈ ಹಿಡಿದುಕೊಂಡು, "ಬರ್ತೀವ್ರಿ ಡಾಕ್ಟರಬಾಯಿ, ಯಾಕ ಬರಂಗಿಲ್ರಿ? ನಮ್ಮದೇ ದವಾಖಾನಿ ಅದ" ಎಂದಳು. ಅವಳ ಸೊಸೆ ಅಂಬಿಕಾ, ಐದು ತುಂಬಿದ ಚೊಚ್ಚಲ ಬಸುರಿ, ಬಾಗಿಲ ಸಂದಿಯಲ್ಲಿ ನಿಂತು ಹೂಂ ಎಂದು ತಲೆಯಾಡಿಸಿದಳು.

ಒಬ್ಬರೂ ಬರಲಿಲ್ಲ.

ಶ್ರಾವಣ ಕಳೆಯಿತು. ಕಾಲೇಜಿನಲ್ಲಿ ಎಲ್ಲರ ಬಳಿಯೂ ಒಂದೊಂದು ಕಾರಣ. ಕಟ್ಟಡ ಊರಿಂದ ದೂರ ಎಂದು ಒಬ್ಬರು, ಗಂಡು ಡಾಕ್ಟರುಗಳಿಗೆ ಹೆದರುತ್ತಾರೆ ಎಂದು ಇನ್ನೊಬ್ಬರು, ಜನ ಹಿಂದುಳಿದವರು ಎಂದು ಮತ್ತೊಬ್ಬರು. ಹಿಂದುಳಿದವರು ಎಂದವರಿಗೆ ನಾನು ಅಲ್ಲೇ ಉತ್ತರ ಕೊಟ್ಟೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ ಆಡಳಿತಾಧಿಕಾರಿ ಪ್ರಿನ್ಸಿಪಾಲರ ಕೋಣೆಯಲ್ಲಿ ದನಿ ತಗ್ಗಿಸಿ ಒಂದು ಉಪಾಯ ಹೇಳಿದರು. "ತಂಡದವರು ಊರಿಗಿ ಬಂದ ಸುದ್ದಿ ಸಿಗತದ್ರಿ. ಎರಡ ಜೀಪ ಕಳಸಿ ಹಳ್ಳಿಯಿಂದ ಬಸುರಿ ಹೆಂಗಸರ್ನ ತಂದು ಮಲಗಸೂಣು. ಊಟ ಹಾಕಿ ಸಂಜಿಕ ಬಿಟ್ಟ ಬರೂಣು. ಎಲ್ಲಾ ಕಡಿ ಹಿಂಗೇ ಮಾಡ್ತಾರ."

"ಬಸುರಿಯರೇನ್ ಶಾಮಿಯಾನ ಕುರ್ಚಿ ಏನ್ರಿ, ಬಾಡಿಗಿಗಿ ತರ್ಲಿಕ್ಕ?" ಎಂದೆ. ನನ್ನ ದನಿ ಹೊರಗಿನ ಕಾರಿಡಾರಿನವರೆಗೂ ಹೋಗಿತ್ತಂತೆ. "ನನ್ನ ವಾರ್ಡಿನ್ಯಾಗ ಸುಳ್ಳ ಬಸುರಿ ಮಲಗಿದ ದಿನ ನಾ ಹೈದರಾಬಾದ ಬಸ್ ಹತ್ತತೇನಿ."

ಪ್ರಿನ್ಸಿಪಾಲರು ದಾವಣಗೆರೆ ಕಡೆಯವರು, ಮೆತ್ತಗಿನ ಮನುಷ್ಯ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಬೇಡ ಬಿಡಿ, ಅದು ನನಗೂ ಬೇಡ. ಆದರೆ ಡಾಕ್ಟ್ರೇ, ನಿಜವಾದವರನ್ನಾದರೂ ತನ್ನಿ. ಬಿದ್ದುಹೋದರೆ ಮೊದಲು ಬೀಳುವುದು ನಿಮ್ಮ ವಿಭಾಗವೇ" ಎಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಭಾದ್ರಪದದ ಒಂದು ಮಧ್ಯಾಹ್ನ ಔರಾದಿನ ಬಸ್ ನಿಲ್ದಾಣದಲ್ಲಿ ನನ್ನ ಕಣ್ಣು ತೆರೆಯಿತು. ಹಳ್ಳಿ ಸುತ್ತಿ ಬಂದಿದ್ದೆ. ಅಂದೇ ನನ್ನ ಅಣ್ಣನ ಮಗಳು ಸುಜಾತಾ ದೇಗಲೂರಿನ ಬಸ್ಸಿಗೆ ಬರುವವಳಿದ್ದಳು. ಅವಳನ್ನು ಮಹಾರಾಷ್ಟ್ರದ ದೇಗಲೂರಿಗೆ ಕೊಟ್ಟಿದ್ದೆವು, ಈಗ ಏಳು ತಿಂಗಳ ಬಸುರಿ. ಹೇಗೂ ಜೀಪು ಇತ್ತು, ಭಾಲ್ಕಿಯ ಮನೆಗೆ ಬಿಡೋಣ ಎಂದು ಕಾಯುತ್ತ ನಿಂತಿದ್ದೆ. ಬಸ್ಸು ಬಂತು. ಗಂಡನ ಕೈ ಹಿಡಿದು ಸುಜಾತಾ ಇಳಿದಳು. ಅವಳ ಹಿಂದೆ ಇನ್ನೊಬ್ಬಳು ಬಸುರಿ ಇಳಿದಳು, ಜೊತೆಗೆ ತಮ್ಮ, ತಲೆಯ ಮೇಲೆ ಗಂಟು. ಅವರು ಇಳಿದ ಬಾಗಿಲಲ್ಲೇ ಹತ್ತಲು ಒಬ್ಬಳು ಕಾಯುತ್ತಿದ್ದಳು. ಹೊಟ್ಟೆ ಮುಂದೆ, ಕೈಯಲ್ಲಿ ಬಟ್ಟೆಯ ಚೀಲ. ನೋಡಿದರೆ ಜನವಾಡದ ಅಂಬಿಕಾ.

"ಎಲ್ಲಿಗಿ ಹೊಂಟೀ? ನೌಬಾದಕ್ಕ ಬರ್ತೇನಿ ಅಂದಿದ್ದಿ ಅಲ್ಲ?" ಎಂದೆ, ಸ್ವಲ್ಪ ಗದರಿಸುವ ದನಿಯಲ್ಲೇ.

ಹುಡುಗಿಗೆ ನಾಚಿಕೆಯೂ ಆಯಿತು, ನಗುವೂ ಬಂತು. "ಅತ್ತಿ ಎದರಿಗಿ ಮತ್ತೇನ್ ಅನ್ಲಿರಿ ಮೇಡಂ? ಮೊದಲ್ನೇ ಬಾಳಂತನ ತವರಮನ್ಯಾಗ ಅಲ್ಲೇನ್ರಿ. ಅಣ್ಣ ಕರಿಲಿಕ್ಕ ಬಂದಾನ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ."

ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಬಸ್ಸು ದೇಗಲೂರಿನ ಕಡೆ ತಿರುಗಿತು. ನಾನು ನಿಂತಲ್ಲೇ ಜೋರಾಗಿ ನಕ್ಕುಬಿಟ್ಟೆ. ಸುಜಾತಾ ಹೆದರಿ "ಅತ್ಯಾ, ಏನಾಯ್ತು?" ಎಂದಳು. ಏನಾಗಬೇಕು? ಭಾಲ್ಕಿಯಲ್ಲಿ ಬೆಳೆದವಳು ನಾನು. ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ ಎಂದು ನನಗೆ ಯಾರಾದರೂ ಹೇಳಿಕೊಡಬೇಕೆ? ಬಿಳಿಕೋಟು ಹಾಕಿಕೊಂಡದ್ದೇ ತಡ, ನಮ್ಮ ಜೀಪಿನಲ್ಲಿದ್ದ ನಾವೆಲ್ಲರೂ ಅದನ್ನು ಮರೆತಿದ್ದೆವು. ಎರಡು ತಿಂಗಳಿಂದ, ಊರು ಬಿಟ್ಟು ಹೋಗುವ ಸೊಸೆಯಂದಿರ ಮುಂದೆ ಗಂಟಲು ಹರಿದುಕೊಂಡಿದ್ದೆವು. ಊರಿಗೆ ಬರುವ ಹೆಣ್ಣುಮಕ್ಕಳ ಕಡೆ ಒಬ್ಬರೂ ತಿರುಗಿ ನೋಡಿರಲಿಲ್ಲ. ಉದಗೀರ, ದೇಗಲೂರು, ನಾರಾಯಣಖೇಡ, ಜಹೀರಾಬಾದ್, ಹೀಗೆ ಗಡಿಯಾಚೆಯ ಎರಡು ರಾಜ್ಯಕ್ಕೂ ಹೆಣ್ಣು ಕೊಡುವ ಸೀಮೆ ನಮ್ಮದು. ಮೊದಲನೆಯದು ಎಲ್ಲಿ ಸುಸೂತ್ರವಾಯಿತೋ, ಎರಡನೆಯದಕ್ಕೂ ಅಲ್ಲಿಗೇ ಹೋಗುವುದು ನಮ್ಮವರ ರೂಢಿ. ಚೊಚ್ಚಲು ನಮ್ಮದಾದರೆ ಮುಂದಿನದೆಲ್ಲ ನಮ್ಮದೇ.

ಮರುದಿನದಿಂದ ಕೇಳುವ ಪ್ರಶ್ನೆ ಬದಲಾಯಿತು. ಮನೆಯ ಸೊಸೆಯನ್ನು ವಿಚಾರಿಸುವುದನ್ನು ಬಿಟ್ಟು, ಕಟ್ಟೆಯ ಮೇಲೆ ಕೂತು, "ನಿಮ್ಮ ಮಗಳ್ನ ಎಲ್ಲಿಗಿ ಕೊಟ್ಟೀರಿ?" ಎಂದು ಕೇಳತೊಡಗಿದೆವು. ಅಷ್ಟು ಕೇಳಿದರೆ ಸಾಕು, ಸೊಸೆಯ ಮಾತಿಗೆ ಹೂಂ ಉಹೂಂ ಎನ್ನುತ್ತಿದ್ದ ಹೆಂಗಸರ ಮುಖವೇ ಬೇರೆಯಾಗುತ್ತಿತ್ತು. ಮಗಳ ಊರು, ಅಳಿಯನ ಕೆಲಸ, ಯಾವ ಅಮಾಸಿಗೆ ಕರೆತರುವುದು ಎಲ್ಲ ಹೊರಬರುತ್ತಿತ್ತು. ಆಮೇಲೆ ಅವರೇ ಕೇಳುತ್ತಿದ್ದರು, ಎಲ್ಲರೂ ಒಂದೇ ಮಾತು: ನಾ ಭಿ ಮಗಳ ಬಾಜೂಕ ಇರಬಹುದೇನ್ರಿ? ಉಂಡಿ ತಂದರ ನಡೀತದೇನ್ರಿ? ಬಿಸಿನೀರು ಸಿಗ್ತದೇನ್ರಿ? ಹೈದರಾಬಾದಿನ ಚಾಳಿಯಂತೆ ನಾನು ಮಾಡಿದ್ದ ನಿಯಮದಲ್ಲಿ ಈ ಮೂರೂ ಇರಲಿಲ್ಲ. ಹೊರಗಿನ ಅನ್ನ ಬೇಡ, ನೋಡಲು ಬರುವವರಿಗೆ ಸಂಜೆ ಒಂದು ಗಂಟೆ. ತಾಯಿಯನ್ನು ಗೇಟಿನ ಹೊರಗೆ ಕೂರಿಸಿ ಮಗಳನ್ನು ಒಳಗೆ ಕೊಡು ಎಂದರೆ ಯಾವ ತಾಯಿ ಕೊಡುತ್ತಾಳೆ?

ವಾರ್ಡಿನ ಪಕ್ಕದ ಸಾಮಾನು ಕೋಣೆಯನ್ನು ರಜಿಯಾ ಸಿಸ್ಟರ್ ಎರಡು ದಿನದಲ್ಲಿ ಖಾಲಿ ಮಾಡಿಸಿದರು. ಒಲೆಗೆ ಜಾಗ, ಬಿಸಿನೀರಿನ ನಳ, ಕಾಲು ಚಾಚಲು ಚಾಪೆ. ಸೋಂಕಿನ ಚಿಂತೆ ಹತ್ತಿದ್ದ ಪ್ರಿನ್ಸಿಪಾಲರಿಗೆ ಅಡುಗೆ ಊಟ ಆ ಕೋಣೆಯಲ್ಲಷ್ಟೇ, ಹೆರಿಗೆ ಕೋಣೆಯ ಹತ್ತಿರ ಒಂದು ಡಬ್ಬಿಯೂ ಸುಳಿಯುವುದಿಲ್ಲ ಎಂದು ಮಾತು ಕೊಟ್ಟೆ. ಆ ಕೋಣೆಗೆ ನಾವು ಹೆಸರೇ ಇಟ್ಟಿರಲಿಲ್ಲ. ಮುಂದೆ ಔರಾದ ಕಡೆಯವರು ಮರಾಠಿಯಲ್ಲಿ ತವರಿಗೆ ಅನ್ನುವ ಹಾಗೆ ಮಾಹೇರ ಖೋಲಿ, ತವರಿನ ಕೋಣೆ, ಎಂದರು, ಅದೇ ನಿಂತಿತು. ಮೊದಲು ಬಂದು ಒಲೆ ಹಚ್ಚಿದವಳು ಬೀದರಿನ ಹಳೆಯ ಊರಿನ ಒಬ್ಬ ತಾಯಿ, ರಜಿಯಾ ಸಿಸ್ಟರ ಓಣಿಯವಳು. ಮಗಳನ್ನು ಜಹೀರಾಬಾದಿಗೆ ಕೊಟ್ಟಿದ್ದಳು, ಗಂಡುಮಗುವಾಯಿತು. ಆ ದಿನ ಕಾರಿಡಾರಿನ ತುಂಬ ಅಜವಾನ, ತುಪ್ಪ, ಬಾದಾಮಿ ಹಾಕಿ ಕುದಿಸಿದ ಅಛವಾನಿಯ ವಾಸನೆ.

ಆದರೆ ಒಂದು ಮಗುವಿನಿಂದ ವಾರ್ಡು ತುಂಬುವುದಿಲ್ಲ. ಹಳ್ಳಿಯ ತಾಯಂದಿರು ಎಲ್ಲ ಕೇಳಿಸಿಕೊಂಡು, ಕೊನೆಗೆ ನನ್ನನ್ನೇ ಒಂದು ಮಾತು ಕೇಳುತ್ತಿದ್ದರು. ಖಟಕ ಚಿಂಚೋಳಿಯ ಕಾಶೀಬಾಯಿ ಅದನ್ನು ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ಅವಳ ಮಗಳನ್ನು ಉದಗೀರಕ್ಕೆ ಕೊಟ್ಟಿದ್ದರು, ಊರಿನ ಹೆಂಗಸರಲ್ಲಿ ಅವಳದೇ ಮಾತು ನಡೆಯುತ್ತಿತ್ತು. "ಡಾಕ್ಟರಬಾಯಿ, ನಿಮ್ಮ ಅಣ್ಣನ ಮಗಳು ಭಿ ಬಾಳಂತನಕ್ಕ ಬಂದಾಳಂತ. ಆಕಿದು ಎಲ್ಲಿ ಮಾಡಸ್ತೀರಿ?"

ಭಾಲ್ಕಿಯ ಸುದ್ದಿ ಖಟಕ ಚಿಂಚೋಳಿಗೆ ಬಸ್ಸಿಗಿಂತ ಮೊದಲು ತಲುಪುತ್ತದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನನಗ ಇಲ್ಲೇ ಮಾಡಸಬೇಕಂತ ಅದ. ನಮ್ಮ ಅವ್ವ ಒಪ್ಪವೊಲ್ಲಳು" ಎಂದೆ.

"ಹಂಗಾರ ನಿಮ್ಮ ಅವ್ವ ಒಪ್ಪಿದ ಮ್ಯಾಲ ನಾವು ಬರ್ತೀವ್ರಿ" ಎಂದು ಎದ್ದು ಸೆರಗು ಕೊಡವಿಕೊಂಡಳು. ಸುತ್ತ ಕೂತವರೂ ಎದ್ದರು.

ಸುಜಾತಾಳ ಅಪ್ಪ ಅಮ್ಮ, ಅಂದರೆ ನನ್ನ ಅಣ್ಣ ವೈನಿ, ಇಬ್ಬರೂ ಶಾಲೆಯಲ್ಲಿ ಪಾಠ ಮಾಡುವವರು. ಊರಿಗೆಲ್ಲ ಬುದ್ಧಿ ಹೇಳುತ್ತಾರೆ, ಮನೆಯಲ್ಲಿ ತೀರ್ಮಾನ ಮಾತ್ರ ಅವ್ವನದು. ಅವ್ವ ಹೈದರಾಬಾದಿನ ಭಕ್ತೆ. ನಾನು ಹುಟ್ಟಿದ್ದು ಅಲ್ಲಿ. ಹೆರಿಗೆ ಕಷ್ಟವಾಗಿ ಭಾಲ್ಕಿಯಿಂದ ರೈಲಿನಲ್ಲಿ ಕರೆದೊಯ್ದಿದ್ದರಂತೆ, ಅಲ್ಲಿನ ಡಾಕ್ಟರರು ಇಬ್ಬರನ್ನೂ ಉಳಿಸಿದರಂತೆ. ಆ ಕಥೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅಂದು ಸಂಜೆ ಪಡಸಾಲೆಯಲ್ಲಿ, ಬುದ್ಧನ ಪಟದ ಕೆಳಗೆ ಕೂತು, ಮತ್ತೆ ಕೇಳಿದೆ.

"ಹೈದರಾಬಾದ ಇರದಿದ್ದರ ನೀನೂ ಇಲ್ಲ, ನಾನೂ ಇಲ್ಲ" ಎಂದಳು ಅವ್ವ, ತೊಗರಿಬೇಳೆ ಆರಿಸುತ್ತ.

"ಅದೇ ಹೈದರಾಬಾದದಾಗ ಹೆರಗಿ ಮಾಡಸಿದ ಕೈ ಇದು. ಈಗ ನೌಬಾದದಾಗ ಅದ. ನನ್ನ ಮ್ಯಾಲ ನಂಬಿಕಿ ಇಲ್ಲೇನು?"

"ನಿನ್ನ ಕೈ ಮ್ಯಾಲ ಅದ. ನಿನ್ನ ಗ್ವಾಡಿ ಮ್ಯಾಲ ಇಲ್ಲ. ಇನ್ನಾ ಬಣ್ಣ ಭಿ ಹಚ್ಚಿಲ್ಲಂತ."

"ಗ್ವಾಡಿ ಹೆರಗಿ ಮಾಡಸ್ತದೇನು?"

"ಒಬ್ಬಾಕಿ ಕೈಲೆ ಭಿ ಆಗಂಗಿಲ್ಲ. ನೀ ಮನಿಗಿ ಬಂದಾಗ ಅಲ್ಲಿ ಯಾರ ಇರ್ತಾರ? ಅವರು ಎಂಥವರು? ನನಗ ಗೊತ್ತಿಲ್ಲ."

ನನಗೆ ಮೈ ಉರಿದುಹೋಯಿತು. ಹಡೆದವ್ವನೇ ಹೀಗಂದರೆ ಕಾಶೀಬಾಯಿಯದು ಏನು ತಪ್ಪು? ಊಟವನ್ನೂ ಮಾಡದೆ ಬೀದರಿಗೆ ಹೊರಟೆ. ಸುಜಾತಾ ಬಾಗಿಲವರೆಗೂ ಬಂದು, "ಅತ್ಯಾ, ನನಗಂತೂ ನೀವೇ ಬೇಕು. ಆದ್ರ ಅಜ್ಜಿ ಮಾತ ಮೀರಿ ಬರಂಗಿಲ್ಲ" ಎಂದಳು. ದಾರಿಯುದ್ದಕ್ಕೂ ಮನಸ್ಸು ಕಹಿ. ಸೋಯಾ ರಾಶಿಯ ಕಾಲ, ರಸ್ತೆಯ ಮೇಲೆಲ್ಲ ಹೊಟ್ಟು ಹಾರುತ್ತಿತ್ತು. ಒಂದು ಕಾಲೇಜು ಉಳಿಯಬೇಕೋ ಮುಳುಗಬೇಕೋ ಎಂಬುದು ಭಾಲ್ಕಿಯಲ್ಲಿ ಬೇಳೆ ಆರಿಸುತ್ತ ಕೂತ ಒಬ್ಬ ಮುದುಕಿಯ ಕೈಯಲ್ಲಿತ್ತು.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಕೇಳಿ ತಿಳಿದದ್ದು. ನಾನು ಆಪರೇಷನ್ ಕೋಣೆಯಲ್ಲಿದ್ದ ಒಂದು ಬೆಳಿಗ್ಗೆ, ಅವ್ವ ಯಾರಿಗೂ ಹೇಳದೆ ಭಾಲ್ಕಿಯ ಬಸ್ಸು ಹತ್ತಿ ನಮ್ಮ ಆಸ್ಪತ್ರೆಗೆ ಬಂದಿದ್ದಳು. ನನ್ನ ಹೆಸರನ್ನೇ ಎತ್ತದೆ, ಕೇಳಿಕೊಂಡು ಕೇಳಿಕೊಂಡು ಹೆರಿಗೆ ವಾರ್ಡಿಗೆ ಬಂದು, ಬಚ್ಚಲಿನ ಚಿಲಕ ಹಾಕಿ ತೆಗೆದು ನೋಡಿ, ನಳ ತಿರುಗಿಸಿ ನೀರು ಬಿಸಿಯಿದೆಯೇ ಎಂದು ಮುಟ್ಟಿ ನೋಡಿ, ಕೊನೆಗೆ ಜಹೀರಾಬಾದಿಗೆ ಕೊಟ್ಟ ಹುಡುಗಿಯ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದ್ದಾಳೆ. ಹಿಂದಿನಿಂದ ರಜಿಯಾ ಸಿಸ್ಟರ ದನಿ ಬಂದಿದೆ.

"ಅಮ್ಮಾ, ಕೈ ಹಿಂದ ತೊಗೋರಿ. ಬಸ್ ಇಳದ ಕೈಲೆ ಕೂಸ ಮುಟ್ತಾರೇನ್ರಿ? ಚಪ್ಪಲ್ ಹೊರಗ ಬಿಟ್ಟು, ಸಾಬಣ ಹಚ್ಚಿ ತೊಳ್ಕೊಂಡ ಬರ್ರಿ. ಯಾರ ಕಡೇದವರು ನೀವು?"

"ಯಾರ ಕಡೇದಾಕೀನೂ ಅಲ್ಲ. ನೋಡ್ಲಿಕ್ಕ ಬಂದೇನಿ."

"ನೋಡ್ಲಿಕ್ಕ ಇದೇನ್ ಸಿನಿಮಾ ಅದೇನ್ರಿ?"

ಅವ್ವ ಜೀವಮಾನದಲ್ಲಿ ಯಾರಿಂದಲೂ ಬೈಸಿಕೊಂಡವಳಲ್ಲ, ಬೈಯುವ ಕಡೆಯವಳು. ಅಂದು ಮಾತ್ರ ಸುಮ್ಮನೆ ಹೋಗಿ ಕೈ ತೊಳೆದುಕೊಂಡಳಂತೆ. ಉಗುರು ನೋಡಿ ಮತ್ತೊಮ್ಮೆ ತೊಳೆಸಿದರಂತೆ ಸಿಸ್ಟರ್. ಆಮೇಲೆ ಮಾಹೇರ ಖೋಲಿಯಲ್ಲಿ ಕೂತು ಒಂದು ಬಟ್ಟಲು ಅಛವಾನಿ ಕುಡಿದು, ಬಂದ ಹಾಗೆಯೇ ಹೋಗಿದ್ದಾಳೆ. ಸಂಜೆ ಫೋನು ಬಂತು.

"ನಿನ್ನ ವಾರ್ಡಿನ್ಯಾಗ ಆ ಸಿಸ್ಟರ್ ಬಾಯಿ ಯಾರು? ನನಗ ಬೈದಳು."

 ಎಲ್ಲ ಮುಗಿಯಿತು ಅಂದುಕೊಂಡೆ. ಆದರೆ ಅವ್ವ, "ಯಾರದೋ ಕೂಸಿನ ಸಲುವಾಗಿ ಬೈದಳು. ತನ್ನದಲ್ಲ, ತನ್ನವರದಲ್ಲ. ಅಂಥಾಕಿ ಇದ್ದಲ್ಲಿ ಸುಜಾತಾನ ಬಿಡಬಹುದು" ಎಂದಳು. ಮಾರನೆಯ ದಿನ ಈ ಮಾತು ಹೇಳಿದಾಗ ರಜಿಯಾ ಸಿಸ್ಟರ್ ಎರಡೂ ಕೈ ಬಾಯಿಗೆ ಇಟ್ಟುಕೊಂಡರು. "ಯಾ ಅಲ್ಲಾ, ಅವರು ನಿಮ್ಮ ಅಮ್ಮಾ ಏನ್ರಿ? ಗೊತ್ತಿದ್ದರ ಬೈತಿದ್ದಿಲ್ರಿ." ಗೊತ್ತಿರದಿದ್ದದ್ದೇ ಒಳ್ಳೆಯದಾಯಿತು ಎಂದು ನಾನು ಅವರ ಕೈ ಹಿಡಿದುಕೊಂಡೆ.

ದೀಪಾವಳಿ ಕಳೆದ ಮೇಲೆ, ಬಿಳಿಜೋಳ ಎಲೆಯೊಡೆದು ಬರುವಾಗ, ಸುಜಾತಾಗೆ ಬೆಳಿಗ್ಗೆ ನೋವು ಶುರುವಾಯಿತು. ಅಣ್ಣ ಕಾರಿನಲ್ಲಿ ಕರೆತಂದ. ಅವ್ವ ಮಾಹೇರ ಖೋಲಿಯಲ್ಲಿ ಒಲೆ ಹಚ್ಚಿ, ತನ್ನದೇ ಮನೆ ಎಂಬಂತೆ ಕೂತಳು. ರಕ್ತಸಂಬಂಧಿಯಾದ್ದರಿಂದ ಹೆರಿಗೆಯನ್ನು ನನ್ನ ಸಹಾಯಕಿಗೆ ಬಿಟ್ಟು ನಾನು ಪಕ್ಕದಲ್ಲಿ ನಿಂತೆ. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು ಅಳುತ್ತ ಬಂತು. ಎಲ್ಲರೂ ನಕ್ಕೆವು. ಆ ನಗು ಇನ್ನೂ ಮುಖದ ಮೇಲಿರುವಾಗಲೇ ರಕ್ತ ಹರಿಯತೊಡಗಿತು, ನಿಲ್ಲಲೇ ಇಲ್ಲ.

ಸಂಬಂಧ, ಶಿಷ್ಟಾಚಾರ ಎಲ್ಲ ಅಲ್ಲೇ ಬಿಟ್ಟು ನಾನೇ ಕೈ ಹಾಕಿದೆ. ಇಂಜೆಕ್ಷನ್ ಕೊಡುತ್ತ, ಗರ್ಭಕೋಶ ಒತ್ತಿ ಹಿಡಿದು, ರಕ್ತ ತರಲು ಹೇಳಿದೆ. ರಕ್ತನಿಧಿ ಕೆಳಗಿನ ಅಂತಸ್ತಿನಲ್ಲೇ ಇತ್ತು. ಸ್ವಲ್ಪ ದಿನದ ಹಿಂದೆ ಶಿಬಿರ ಮಾಡಿ ನಮ್ಮ ಮೊದಲ ತಂಡದ ಮಕ್ಕಳೆಲ್ಲ ರಕ್ತ ಕೊಟ್ಟಿದ್ದರು, ಔರಾದಿನ ಸವಿತಾ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಆ ಮಕ್ಕಳು ಇನ್ನೂ ಮೂಳೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದವರು, ಹೆರಿಗೆ ಕೋಣೆಯ ಒಳಗೆ ಬಂದವರೂ ಅಲ್ಲ. ಅವರ ರಕ್ತವೇ ಅಂದು ಸುಜಾತಾಳ ತೋಳಿಗೆ ಇಳಿಯಿತು. ಹೊರಗೆ ಅವ್ವ ಬಾಗಿಲಿಗೆ ಅಂಗೈ ಒತ್ತಿ ನಿಂತಿದ್ದಳು ಎಂದು ರಜಿಯಾ ಸಿಸ್ಟರ್ ಆಮೇಲೆ ಹೇಳಿದರು. ಮೆಲ್ಲಗೆ ರಕ್ತ ಹಿಡಿತಕ್ಕೆ ಬಂತು. ಹುಡುಗಿಯ ತುಟಿಗೆ ಬಣ್ಣ ತಿರುಗಿತು. 

ಹೊರಗೆ ಬಂದು ಅವ್ವನ ಪಕ್ಕ ಚಾಪೆಯ ಮೇಲೆ ಕೂತೆ. ಒಲೆಯ ಮೇಲೆ ತುಪ್ಪದಲ್ಲಿ ಅಂಟು ಅರಳುತ್ತಿತ್ತು. ಅವ್ವ ಸೌಟು ತಿರುಗಿಸುತ್ತ, ನನ್ನ ಕಡೆ ನೋಡದೆ, ನಾನು ಹುಟ್ಟಿದಾಗಿನಿಂದ ಕೇಳಿದ ಕಥೆಯಲ್ಲಿ ಎಂದೂ ಹೇಳದ ಭಾಗವನ್ನು ಹೇಳಿದಳು.

"ಅವತ್ತ ರೈಲು ವಿಕಾರಾಬಾದದಾಗ ನಿಂತಿದ್ದು ಹೊಂಡಲೇ ಇಲ್ಲ. ಕೆಳಗ ರಕ್ತ ಹೋಗ್ಲಿಕತ್ತಿತ್ತು, ನಾ ಹೊಟ್ಟಿ ಹಿಡಕೊಂಡ ಕುಂತಿದ್ದೆ. ನೀ ಹೊಟ್ಯಾಗ ಅಲ್ಲಾಡೂದು ನಿಂತಿತ್ತು. ಹೋಯ್ತು ಅನಕೊಂಡಿದ್ದೆ. ಇಷ್ಟು ವರ್ಷ ಹೈದರಾಬಾದ ಚಲೋ ಅಂತಂದೆ. ಆ ದಾರಿ ಬಗ್ಗಿ ಒಮ್ಮಿ ಭಿ ಅನ್ನಲಿಲ್ಲ." ಒಲೆಯ ಉರಿ ತಗ್ಗಿಸಿ, "ಸುಜಾತಾಗ ಆ ದಾರಿ ತಪ್ಪಿತು" ಎಂದಳು.

ನನಗೆ ಅಳು ತಡೆಯಲಾಗಲಿಲ್ಲ. ಅವ್ವನ ಹೆಗಲಿಗೆ ಮುಖವಿಟ್ಟು ಅತ್ತೆ. ವಿಭಾಗದ ಮುಖ್ಯಸ್ಥೆ ಸಾಮಾನು ಕೋಣೆಯಲ್ಲಿ ಕೂತು ಅಳುವುದನ್ನು ನೋಡಿ ರಜಿಯಾ ಸಿಸ್ಟರ್ ಬಾಗಿಲು ಎಳೆದುಕೊಂಡು ಹೋದರು.

ಕಾಶೀಬಾಯಿ ಕೊಟ್ಟ ಮಾತಿಗೆ ನಿಲ್ಲುವ ಹೆಂಗಸು. ಅವ್ವನ ಸುದ್ದಿ ಮುಟ್ಟಿದ್ದೇ ತಡ ಬಂದು ಮಗಳ ಹೆಸರು ಬರೆಸಿದಳು, ದಿನ ತುಂಬುತ್ತಲೇ ಉದಗೀರದ ಮಗಳನ್ನು ಕರೆದುಕೊಂಡು ಬಂದಳು. ಅವಳ ಹಿಂದೆ ಔರಾದ ಕಡೆಯಿಂದ, ಜನವಾಡದಿಂದ ತಾಯಂದಿರು ಡಬ್ಬಿ ಗಂಟು ಸಮೇತ ಬರತೊಡಗಿದರು. ಯಾರ ಉಂಡಿ ಗಟ್ಟಿ, ಯಾರದು ಹುಡಿ ಎಂಬ ಬಗ್ಗೆ ಮಾಹೇರ ಖೋಲಿಯಲ್ಲಿ ಜಗಳಗಳೂ ಆದವು. ಆ ಜಗಳ ಬಿಡಿಸುವುದು ನನ್ನ ಬದುಕಿನ ಅತ್ಯಂತ ಸುಖದ ಕೆಲಸವಾಗಿತ್ತು.

ಪರಿಶೀಲನೆಯ ತಂಡ ಬಂದದ್ದು ಬೇರೆ ಯಾವ ದಿನವೂ ಸಿಗದೆ ಎಳ್ಳಮಾಸಿಯ ದಿನ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಸೊಪ್ಪು ಕಾಳಿನ ಭಜ್ಜಿ, ಅಂಬಲಿ, ಸಜ್ಜೆರೊಟ್ಟಿ ಕಟ್ಟಿಕೊಂಡು ಎಲ್ಲರೂ ಬೆಳೆಯ ನಡುವೆ ಉಣ್ಣುವ ದಿನ. ಜ್ವರದವನೂ ಎದ್ದು ಹೊಲಕ್ಕೆ ಹೋಗಿರುತ್ತಾನೆ. ಕೆಳಗಿನ ಹೊರರೋಗಿ ವಿಭಾಗದಲ್ಲಿ ಬೆಂಚುಗಳು ಮಾತ್ರ ಇದ್ದವು. ತಂಡದಲ್ಲಿ ಹೊರರಾಜ್ಯದ ಒಬ್ಬ ಹಿರಿಯ ಡಾಕ್ಟರಮ್ಮ, ನೆರೆತ ಕೂದಲು, ಚುರುಕು ಕಣ್ಣು. ಇವತ್ತು ಹಬ್ಬ ಎಂದು ಪ್ರಿನ್ಸಿಪಾಲರು ಹೇಳಲು ಹೋದರೆ, ಹೋದ ಕಾಲೇಜಿನಲ್ಲೆಲ್ಲ ನನಗೆ ಒಂದು ಹಬ್ಬದ ಹೆಸರು ಹೇಳುತ್ತಾರೆ ಎಂದರು ಆಕೆ. ಪ್ರಿನ್ಸಿಪಾಲರ ಮುಖ ಸಣ್ಣದಾಯಿತು.

ಮೆಟ್ಟಿಲ ತಿರುವಿನಲ್ಲಿ ಆಕೆ ನಿಂತು ಮೂಗರಳಿಸಿ ವಾಸನೆ ಎಳೆದುಕೊಂಡರು. ಮೇಲೆ ವಾರ್ಡು ತುಂಬಿತ್ತು. ಹೊಲಕ್ಕೆ ಹೋಗಲಾಗದ ತಾಯಂದಿರಿಗೆ ಮನೆಯವರು ಎಳ್ಳಮಾಸಿಯ ಬುತ್ತಿಯನ್ನು ಅಲ್ಲಿಗೇ ತಂದಿದ್ದರು. ಮಾಹೇರ ಖೋಲಿಯಲ್ಲಿ ಹೊಲವೇ ಬಂದು ಕೂತಿತ್ತು. ಕೆಳಗೆ ಒಬ್ಬರೂ ಇಲ್ಲ, ಮೇಲೆ ಇಷ್ಟು ಜನ, ಆಕೆಗೆ ಸಂಶಯ ಬಾರದೆ ಇರುತ್ತದೆಯೇ? ನೇರವಾಗಿ ಕಾಶೀಬಾಯಿಯ ಮುಂದೆ ಹೋಗಿ ನಿಂತು ಹಿಂದಿಯಲ್ಲಿ ಕೇಳಿದರು. ರಜಿಯಾ ಸಿಸ್ಟರ್ ಕನ್ನಡಕ್ಕೆ ತಿರುಗಿಸಿದರು: "ನಿಮ್ಮನ್ನ ಇಲ್ಲಿಗಿ ಯಾರ ಕರಕೊಂಡ ಬಂದಾರ ಅಂತ ಕೇಳ್ಲಿಕತ್ತಾರ."

ಕಾಶೀಬಾಯಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. "ಯಾರ ಕರಕೊಂಡ ಬರ್ತಾರ್ರಿ? ಮಗಳು ನನ್ನಾಕಿ. ಉದಗೀರದಿಂದ ನಾನೇ ಕರಕೊಂಡ ಬಂದೇನಿ. ಮುಂದಿನದಕ್ಕ ಭಿ ಇಲ್ಲಿಗೇ ಬರ್ತಾಳ. ನಿಮಗ ಜಾಗಾ ಬೇಕಂದರ ಆ ಕಡಿ ಕುಂಡ್ರಿ, ಊಟ ಮಾಡ್ರಿ."

ಆಕೆ ಕೂತರು. ಅಂಟಿನ ಉಂಡಿ ಮುರಿದು ಬಾಯಿಗೆ ಹಾಕಿಕೊಂಡು, ಇದರಲ್ಲಿ ಏನೇನು ಹಾಕುತ್ತೀರಿ ಎಂದು ಕೇಳಿದರು. ಅದಕ್ಕೆ ನಾಲ್ಕು ತಾಯಂದಿರು ನಾಲ್ಕು ಉತ್ತರ ಕೊಟ್ಟರು. ಅನುಮತಿ ಬಂತು. ಹೊರರೋಗಿ ವಿಭಾಗದ ಬಗ್ಗೆ ಒಂದು ಆಕ್ಷೇಪವೂ ಬಂತು, ಬರಲಿ ಬಿಡಿ. ಮುಂದಿನ ವರ್ಷ ಹೊಸ ಮಕ್ಕಳು ಸೇರಿದರು, ಅದರ ಮುಂದಿನ ವರ್ಷವೂ ಸೇರಿದರು. ಬಣ್ಣವಿಲ್ಲದ ಗೋಡೆಗೆ ಬಣ್ಣವೂ ಆಯಿತು. ಅದನ್ನು ಅವ್ವ ಬಂದು ನೋಡಿ, ಬಣ್ಣ ಚೆನ್ನಾಗಿಲ್ಲ ಎಂದಳು.

ಹೋದ ವಾರ, ಆ ಮೆಟ್ಟಿಲ ತಿರುವಿನಿಂದ ಮೇಲೆ ಹೋಗಿ ವಾರ್ಡಿನ ಬಾಗಿಲಿಗೆ ಬಂದೆ. ರಜಿಯಾ ಸಿಸ್ಟರೂ ನಿವೃತ್ತರಾಗಿದ್ದಾರೆ. ಅವರ ಕುರ್ಚಿಯಲ್ಲಿ ಹೊಸ ಹುಡುಗಿ, ನನ್ನನ್ನು ಕಂಡವಳಲ್ಲ. ಒಳಗೆ ಕಿಟಕಿಯ ಹಾಸಿಗೆಯಲ್ಲಿ ಸವಿತಾ ಕಂಡಳು, ಪಕ್ಕದಲ್ಲಿ ಬಟ್ಟೆಯ ಪುಟ್ಟ ಗಂಟಿನ ಹಾಗೆ ಮಗು. ಹೈದರಾಬಾದಿನ ಎಲ್ಲ ಸೌಕರ್ಯ ಬಿಟ್ಟು ಹೆರಿಗೆಗೆ ಬೀದರಿಗೆ ಬಂದ ಹುಡುಗಿ. ನನ್ನ ಕಾಲು ತಾನಾಗಿಯೇ ಒಳಗೆ ಸರಿಯಿತು. ಸಿಸ್ಟರ್ ಕೈ ಅಡ್ಡ ಹಿಡಿದಳು.

"ಎಲ್ಲಿಗಿ ಹೊಂಟೀರಿ ಅಮ್ಮಾ? ಚಪ್ಪಲ್ ಹೊರಗ ಬಿಡ್ರಿ. ಯಾರ ಕಡೇದವರು ನೀವು?"

ಈ ವಿಭಾಗ ಕಟ್ಟಿದವಳು ನಾನು ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಹುಡುಗಿ ತವರ ಕಡೇದಾಕಿ" ಎಂದೆ.

"ಹಂಗಾರ ಮೊದಲ ಕೈ ತೊಳ್ಕೊಂಡ ಬರ್ರಿ."

ಡಬ್ಬಿಯನ್ನು ಅವಳ ಟೇಬಲ್ ಮೇಲೆ ಇಟ್ಟು, ನಳದ ಹತ್ತಿರ ಹೋಗಿ, ತೋಳು ಮೇಲೇರಿಸಿ, ಮೊಣಕೈವರೆಗೂ ಸಾಬೂನು ಹಚ್ಚಿ ತೊಳೆದುಕೊಂಡೆ. ನೀರು ಬಿಸಿಯಾಗಿತ್ತು.